ಹೆದ್ದಾರಿ ಅಗಲೀಕರಣ: ಹಳ್ಳ ಮತ್ತು ಜೌಗುನೆಲದ ಲೆಕ್ಕ ತಪ್ಪುವುದೆಲ್ಲಿ

ಎರಡು ಪಥದ ರಸ್ತೆಯನ್ನು ನಾಲ್ಕು ಪಥ ಮಾಡುವ ಯಾವುದೇ ಯೋಜನೆಯ ಪರಿಸರ ವರದಿಯಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಎಷ್ಟು ಹೆಕ್ಟೇರ್ ಜೌಗುನೆಲ ಮಣ್ಣಿನಡಿ ಹೋಗುತ್ತದೆ, ಎಷ್ಟು ಮೀಟರ್ ಹಳ್ಳ ಮೋರಿಯೊಳಗೆ ಸೇರುತ್ತದೆ ಎಂಬ ಕೋಷ್ಟಕ ಅದು. ಕೂಡಿ ಕಳೆದ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಬಂದ ಮೊತ್ತವೂ ಸಣ್ಣದು. ತಪ್ಪು ಇರುವುದು ಆ ಲೆಕ್ಕ ಶುರುವಾಗುವ ಜಾಗದಲ್ಲಿ. ಈಗಿರುವ ರಸ್ತೆ, ಅದರ ಮಣ್ಣಿನ ಏರಿ, ಹಳೇ ಮೋರಿಗಳು, ಪಕ್ಕದ ಚರಂಡಿ ಇವೆಲ್ಲವನ್ನೂ ವರದಿ 'ಈಗಿನ ಸ್ಥಿತಿ' ಎಂದು ಒಪ್ಪಿಕೊಂಡು ಮುಂದೆ ಸಾಗುತ್ತದೆ. ಹಳೇ ರಸ್ತೆ ದಶಕಗಳಿಂದ ನೀರಿನ ದಾರಿಗೆ ಮಾಡಿದ್ದು ಲೆಕ್ಕಕ್ಕೆ ಬರುವುದೇ ಇಲ್ಲ. ಅದರ ಮೇಲೆ ಹೊಸದಾಗಿ ಸೇರುವ ಚೂರನ್ನಷ್ಟೇ ಅಳೆಯುತ್ತಾರೆ. ಅಗಲೀಕರಣ ಮಾಡುವಾಗ ಪ್ರತಿ ಮೋರಿಯನ್ನೂ ಹೇಗೂ ಅಗೆಯಬೇಕು. ಹಳೇ ಹಾನಿಯನ್ನು ಸರಿಮಾಡಲು ಅಷ್ಟು ಅಗ್ಗದ ಅವಕಾಶ ಇನ್ನು ಐವತ್ತು ವರ್ಷ ಸಿಗುವುದಿಲ್ಲ. ಹಾಗಾಗಿ ಹಳೇ ರಸ್ತೆಯ ಪರಿಣಾಮವನ್ನು ಅಳೆಯದ ಅಗಲೀಕರಣದ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ರಸ್ತೆಯ ಎರಡೂ ಬದಿ ನೋಡಬೇಕು

ಕ್ಷೇತ್ರಕಾರ್ಯದ ಮೊದಲ ಸುತ್ತು ಸರಳ. ನೀರು ಬರುವ ಬದಿ ಯಾವುದು, ಹೋಗುವ ಬದಿ ಯಾವುದು ಎಂದು ನಕ್ಷೆಯಲ್ಲಿ ಗುರುತಿಸಿಕೊಂಡು, ಎರಡೂ ಬದಿಯ ಗಿಡಮರ, ಮಣ್ಣು, ನೀರಿನ ಮಟ್ಟವನ್ನು ಜೋಡಿ ಜೋಡಿಯಾಗಿ ಹೋಲಿಸಬೇಕು. ಮೇಲಿನ ಬದಿಯಲ್ಲಿ ಬೇರು ಕೊಳೆತು ನಿಂತ ಒಣಮರಗಳ ಪಟ್ಟಿ, ಜೊಂಡು ಒಂದೇ ಜಾತಿಯಾಗಿ ಹಬ್ಬಿರುವುದು, ಕೆಳಬದಿಯಲ್ಲಿ ಒಣನೆಲದ ಪೊದೆ ಜೌಗಿನೊಳಕ್ಕೆ ನುಗ್ಗಿರುವುದು ಕಂಡರೆ, ಏರಿ ಅಣೆಕಟ್ಟಿನ ಕೆಲಸ ಮಾಡುತ್ತಿದೆ ಎಂದರ್ಥ. ಹಳೇ ವೈಮಾನಿಕ ಚಿತ್ರಗಳು ಸಿಕ್ಕರೆ ರಸ್ತೆ ಹಾಕುವ ಮುಂಚಿನದನ್ನೂ ಹಾಕಿದ ನಂತರದ್ದನ್ನೂ ಪಕ್ಕಪಕ್ಕ ಇಡಿ. ಹಳ್ಳ ಮೊದಲು ಎಲ್ಲಿ ಬಾಗುತ್ತಿತ್ತು, ಅದನ್ನು ಎಲ್ಲಿ ನೆಟ್ಟಗೆ ಮಾಡಿ ಮೋರಿಯ ಬಾಯಿಗೆ ತಿರುಗಿಸಿದರು ಎಂಬುದು ಅಲ್ಲೇ ಕಾಣುತ್ತದೆ.

ಜೌಗಿನ ಗಡಿ ಎಳೆಯುವ ಕ್ರಮಕ್ಕೆ ಅಮೆರಿಕದ ಸೇನಾ ಎಂಜಿನಿಯರ್‌ಗಳ ದಳ 1987ರಲ್ಲಿ ಹೊರತಂದ ಕೈಪಿಡಿ ಇಂದಿಗೂ ಒಳ್ಳೆಯ ಅಡಿಪಾಯ. ಅದು ಮೂರು ಸಾಕ್ಷಿ ಕೇಳುತ್ತದೆ: ನೀರುನೆಲದ ಸಸ್ಯ, ಗಾಳಿಯಾಡದ ಒದ್ದೆಮಣ್ಣಿನ ಗುರುತು, ನೀರು ನಿಲ್ಲುವ ಪುರಾವೆ. ಗಡಿ ಇರಬಹುದು ಅನ್ನಿಸಿದ ಕಡೆ ಅದಕ್ಕೆ ಅಡ್ಡಲಾಗಿ ಗೆರೆ ಹಾಕಿಕೊಂಡು, ಒಳಗೊಂದು ಹೊರಗೊಂದು ಗುಂಡಿಯನ್ನು ಸುಮಾರು 50 ಸೆಂ.ಮೀ. ಆಳಕ್ಕೆ ತೋಡಬೇಕು. ಮಣ್ಣಿನ ಹೆಂಟೆಯನ್ನು ಒಡೆದು, ತೇವ ಮಾಡಿ, ಮನ್ಸೆಲ್ ಬಣ್ಣಪಟ್ಟಿಯ, ಅಂದರೆ ಮಣ್ಣಿನ ಬಣ್ಣ ಗುರುತಿಸಲು ಬಳಸುವ ಮಾದರಿ ಬಣ್ಣಗಳ ಪಟ್ಟಿಯ, ಪಕ್ಕ ಹಿಡಿದು ನೋಡಿ. ಬೂದು ಬಣ್ಣದ ಹಿನ್ನೆಲೆಯಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು, ಬೇರಿನ ತೂತುಗಳ ಸುತ್ತ ಕಿತ್ತಳೆ ಗೆರೆಗಳು, ಕೊಳೆತ ಮೊಟ್ಟೆಯ ವಾಸನೆ ಇವು ಬೇಕಾದ ಗುರುತುಗಳು. ಸಸ್ಯವನ್ನು ಮಾತ್ರ ನಂಬಿ ಗೆರೆ ಎಳೆದರೆ ರಸ್ತೆ ಬದಿಯಲ್ಲಿ ಖಂಡಿತ ತಪ್ಪುತ್ತದೆ. ಅಲ್ಲಿನ ಹುಲ್ಲನ್ನು ಕೊಯ್ದಿರುತ್ತಾರೆ, ಮಣ್ಣು ಹೊರಗಿನಿಂದ ಬಂದಿರುತ್ತದೆ, ಚರಂಡಿಯಲ್ಲಿ ನಿಂತ ನೀರಿಗೆ ಜೊಂಡು ಬೆಳೆದಿರುತ್ತದೆ.

ಮಣ್ಣಿನ ಬಣ್ಣ ನಿಧಾನವಾಗಿ ಬದಲಾಗುವ ಸಾಕ್ಷಿ. ಚರಂಡಿ ತೋಡಿ ಜೌಗು ಬತ್ತಿ ದಶಕಗಳಾದರೂ ಬೂದು ಮಣ್ಣು ಬೂದಾಗಿಯೇ ಉಳಿದಿರಬಹುದು. ಇದನ್ನು ಕೆಲವರು ತೊಡಕು ಎಂದುಕೊಳ್ಳುತ್ತಾರೆ. ಹಳೇ ರಸ್ತೆ ಏನು ಮಾಡಿತು ಎಂದು ಹುಡುಕುವವರಿಗೆ ಇದೇ ದೊಡ್ಡ ಸಹಾಯ. ಜೌಗಿನ ಮಣ್ಣು ಇದ್ದು ನೀರಿಲ್ಲ ಎಂದರೆ ಅಲ್ಲಿ ಒಮ್ಮೆ ಜೌಗಿತ್ತು. ಈಗಲೂ ಮಣ್ಣು ಜೀವಂತವಾಗಿ ಗಾಳಿ ಕಳೆದುಕೊಳ್ಳುತ್ತಿದೆಯೇ ಎಂದು ತಿಳಿಯಲು ಒದ್ದೆಯ ಕಾಲದಲ್ಲಿ ಆಲ್ಫಾ-ಆಲ್ಫಾ ಡೈಪಿರಿಡಿಲ್ ದ್ರಾವಣದ ಕೆಲವು ಹನಿ ಹಾಕಿ ನೋಡಬಹುದು. ಕಬ್ಬಿಣ ಫೆರಸ್ ರೂಪದಲ್ಲಿದ್ದರೆ, ಅಂದರೆ ಗಾಳಿಯಿಲ್ಲದ ಮಣ್ಣಿನಲ್ಲಿರುವ ರೂಪದಲ್ಲಿದ್ದರೆ, ಗುಲಾಬಿ ಅಥವಾ ಕೆಂಪು ಬಣ್ಣ ಬರುತ್ತದೆ. ಗುದ್ದಲಿ ತಾಗಿದ ಮೇಲ್ಮೈಗೆ ಹಾಕಬಾರದು. ಉಕ್ಕಿನ ಕಣಗಳೇ ಸುಳ್ಳು ಬಣ್ಣ ಕೊಡುತ್ತವೆ. ಕೈಯಲ್ಲಿ ಆಗಷ್ಟೇ ಮುರಿದ ಹೆಂಟೆಯ ಒಳಮೈಗೆ ಹಾಕಬೇಕು.

ನೆಲದಡಿಯ ನೀರು

ಮುಚ್ಚಿಹೋಗುವ ಜಾಗವನ್ನು ಯಾರು ಬೇಕಾದರೂ ಅಳೆದಾರು. ಪಕ್ಕದ ಜಾಗ ಬತ್ತುವುದನ್ನು ಅಳೆಯಲು ಬಾವಿ ಬೇಕು. ದೊಡ್ಡದೇನಲ್ಲ: 2.5ರಿಂದ 5 ಸೆಂ.ಮೀ. ವ್ಯಾಸದ, ಸೀಳು ಕೊಯ್ದ ಪಿವಿಸಿ ಪೈಪ್, 60 ಸೆಂ.ಮೀ.ನಿಂದ 1 ಮೀಟರ್ ಆಳ, ಸುತ್ತ ಒರಟು ಮರಳು, ಮೇಲ್ತುದಿಯಲ್ಲಿ ಬೆಂಟೋನೈಟ್ ಜೇಡಿಯ ಬಿರಡೆ. ಬಿರಡೆ ಸರಿಯಾಗಿಲ್ಲದಿದ್ದರೆ ಮಳೆನೀರು ಪೈಪಿನ ಹೊರಮೈಗುಂಟ ಇಳಿದು ಒಳಗಿನ ಮಟ್ಟ ಏರಿಬಿಡುತ್ತದೆ. ಪೈಪ್ ಅತಿ ಆಳಕ್ಕೆ ಹೋಗಿ ಜೇಡಿ ಪದರವನ್ನು ಚುಚ್ಚಿದರೆ ಅದಕ್ಕಿಂತ ಕೆಟ್ಟದ್ದು. ಎರಡು ಬೇರೆ ಬೇರೆ ನೀರಿನ ಪದರ ಬೆರೆತು, ಎರಡಕ್ಕೂ ಸಲ್ಲದ ಒಂದು ಅಂಕಿ ಸಿಗುತ್ತದೆ. ನೀರಿನ ಒತ್ತಡವನ್ನು ತಾನಾಗಿಯೇ ಅಳೆದು ದಾಖಲಿಸುವ ಲಾಗರ್ ಉಪಕರಣ ಹಾಕಿದರೆ ಗಾಳಿಯ ಒತ್ತಡವನ್ನು ಬೇರೆಯಾಗಿ ಅಳೆದು ಕಳೆಯಲೇಬೇಕು. ವಾಯುಭಾರದಲ್ಲಿ 10 ಹೆಕ್ಟೋಪಾಸ್ಕಲ್ ವ್ಯತ್ಯಾಸವಾದರೆ ನೀರಿನ ಮಟ್ಟದಲ್ಲಿ ಸುಮಾರು 10 ಸೆಂ.ಮೀ. ತಪ್ಪು ಬರುತ್ತದೆ. ನಾವು ಹುಡುಕುವ ಬದಲಾವಣೆಯೇ ಹಲವು ಸಲ ಅಷ್ಟಿರುತ್ತದೆ.

ಬಾವಿಗಳನ್ನು ರಸ್ತೆಗೆ ಅಡ್ಡಲಾಗಿ ಸಾಲಾಗಿ ಇಡಬೇಕು. ಏರಿಯ ಬುಡದಿಂದ 5, 15, 30, 60 ಮೀಟರ್ ದೂರಕ್ಕೆ, ಎರಡೂ ಬದಿಗೆ. ಕನಿಷ್ಠ ಒಂದು ಪೂರ್ತಿ ವರ್ಷದ ದಿನವಹಿ ದಾಖಲೆ ಬೇಕು, ಜೊತೆಗೆ ಆ ವರ್ಷದ ಮಳೆ ವಾಡಿಕೆಯ ಮಳೆಗಿಂತ ಹೆಚ್ಚೋ ಕಡಿಮೆಯೋ ಎಂಬ ಟಿಪ್ಪಣಿ. ಅಳತೆಗೋಲಾಗಿ ಅದೇ ಸೇನಾ ದಳದ ಮಾನದಂಡ ಉಪಯೋಗಕ್ಕೆ ಬರುತ್ತದೆ: ಜೌಗು ಎನ್ನಬೇಕಾದರೆ ಸಸ್ಯ ಬೆಳೆಯುವ ಕಾಲದಲ್ಲಿ ಸತತ 14 ದಿನ ನೀರಿನ ಮಟ್ಟ ಮೇಲ್ಮೈಯಿಂದ 30 ಸೆಂ.ಮೀ. ಒಳಗೆ ಇರಬೇಕು, ಹತ್ತು ವರ್ಷದಲ್ಲಿ ಕನಿಷ್ಠ ಐದು ವರ್ಷ ಹಾಗಿರಬೇಕು. ಚರಂಡಿಗೆ ಹತ್ತಿರವಾದಂತೆ ಈ 14 ದಿನ ಎಲ್ಲಿ ತಪ್ಪುತ್ತದೋ ಅಲ್ಲಿಯವರೆಗೆ ಹಳೇ ರಸ್ತೆಯ ಹಾನಿ ಚಾಚಿದೆ. ಹೊಸ ಚರಂಡಿ ಇನ್ನೂ ಆಳವಾಗಿದ್ದು ಹೊರಕ್ಕೆ ಸರಿದರೆ ಈ ಗೆರೆಯೂ ಹೊರಕ್ಕೆ ಸರಿಯುತ್ತದೆ. ಮರಳುಮಣ್ಣಿನಲ್ಲಿ ಬಹಳ ದೂರ, ಜೇಡಿಯಲ್ಲಿ ಸ್ವಲ್ಪ. ಚರಂಡಿಯ ಆಳ, ಮಣ್ಣಿನಲ್ಲಿ ನೀರು ಇಳಿಯುವ ವೇಗ, ಅಡಿಯ ಗಟ್ಟಿಪದರದ ಆಳ ಈ ಮೂರು ಗೊತ್ತಿದ್ದರೆ ಹೊಲದ ಬಸಿಗಾಲುವೆಗಳ ಅಂತರ ನಿರ್ಧರಿಸುವ ಸಮೀಕರಣಗಳಿಂದಲೇ ಇದನ್ನು ಲೆಕ್ಕ ಹಾಕಬಹುದು. ಲೆಕ್ಕದ ಉತ್ತರವನ್ನು ಬಾವಿಸಾಲಿನ ದಾಖಲೆಯ ಜೊತೆ ಹೊಂದಿಸಿ ನೋಡಿದ ಮೇಲಷ್ಟೇ ನಂಬಿ.

ಪೀಟ್ ನೆಲದಲ್ಲಿ, ಅಂದರೆ ಕೊಳೆಯದ ಸಸ್ಯಾವಶೇಷ ಪದರಪದರವಾಗಿ ಕೂತ ಜೌಗಿನಲ್ಲಿ, ಸಮಸ್ಯೆ ತಿರುವುಮುರುವು. ಅಲ್ಲಿ ನೀರು ಹೆಚ್ಚಾಗಿ ಮೇಲಿನ ಸಡಿಲ ಪದರದಲ್ಲೇ ಅಗಲವಾಗಿ, ನಿಧಾನವಾಗಿ ಸಾಗುತ್ತದೆ. ಏರಿಯ ಭಾರಕ್ಕೆ ಪೀಟ್ ಒತ್ತಿಕೊಂಡು ಆ ದಾರಿ ಮುಚ್ಚುತ್ತದೆ. ಒಂದೆರಡು ಪೈಪ್ ಮೋರಿ ಹಾಕಿದರೆ ಅಗಲವಾಗಿ ಹರಿದು ಬರುತ್ತಿದ್ದ ನೀರು ಎರಡು ತೂತಿಗೆ ಕಟ್ಟುಬೀಳುತ್ತದೆ. ಏರಿ ಕುಸಿದಂತೆ ಪೈಪಿನ ನಡುಭಾಗವೂ ಕುಸಿದು ಹೂಳು ತುಂಬುತ್ತದೆ. ಇಂಥ ಕಡೆ ಏರಿಯ ತಳದಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಸುತ್ತಿದ ದಪ್ಪಕಲ್ಲಿನ ಪದರವನ್ನು ಪೂರ್ತಿ ಉದ್ದಕ್ಕೂ ಹಾಸಬೇಕು, ಇಲ್ಲವೇ ಆ ಭಾಗವನ್ನು ಕಂಬಗಳ ಮೇಲೆ ಸೇತುವೆಯಾಗಿ ದಾಟಿಸಬೇಕು. ಮೊದಲನೆಯದು ಅಗ್ಗ, ಎರಡನೆಯದು ಖಚಿತ.

ಮೋರಿ

ಅಗಲೀಕರಣದಲ್ಲಿ ಅತಿ ಹೆಚ್ಚು ಹಾನಿಯಾಗುವುದೂ, ಅತಿ ಸುಲಭವಾಗಿ ತಪ್ಪಿಸಬಹುದಾದದ್ದೂ ಇಲ್ಲೇ. ಹಳೇ ಪೈಪ್ ಗಟ್ಟಿಯಾಗಿದೆ, ಎರಡೂ ತುದಿಗೆ ಇನ್ನಷ್ಟು ಪೈಪ್ ಜೋಡಿಸಿದರಾಯಿತು ಎಂಬುದು ಅಂದಾಜುಪಟ್ಟಿ ಮಾಡುವವರ ರೂಢಿ. 10 ಮೀಟರ್ ಇದ್ದ ಮೋರಿ 25 ಮೀಟರ್ ಆಗುತ್ತದೆ. ಹಳ್ಳದ ಇಳಿಜಾರು ಬದಲಾಗುವ ಕಡೆ ಪೈಪ್ ಮಾತ್ರ ಹಳೇ ಇಳಿಜಾರಿನಲ್ಲೇ ಮುಂದುವರಿದು, ಹೊರಬಾಯಿ ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಬೀಳುವ ನೀರು ಕೆಳಗೆ ಗುಂಡಿ ಕೊರೆಯುತ್ತದೆ, ಗುಂಡಿ ಆಳವಾದಷ್ಟೂ ಬೀಳು ಹೆಚ್ಚುತ್ತದೆ. ಗೇಣುದ್ದದ ಬೀಳು ಸಾಕು, ಹಳ್ಳದ ಸಣ್ಣ ಮೀನುಗಳಲ್ಲಿ ಬಹುಪಾಲು ಮೇಲೆ ಹೋಗಲಾರವು. ಬೀಳು ಇಲ್ಲದಿದ್ದರೂ ನುಣುಪು ಪೈಪಿನೊಳಗೆ ಮಳೆಗಾಲದಲ್ಲಿ ಅತಿವೇಗ, ಬೇಸಿಗೆಯಲ್ಲಿ ಬೆರಳುದಪ್ಪದ ನೀರು. ಮೀನು ಮೊಟ್ಟೆಯಿಡಲು ಮೇಲೇರುವ ಕೆಲವೇ ವಾರಗಳಲ್ಲಿ ದಾರಿ ಮುಚ್ಚಿದ್ದರೆ ವರ್ಷದ ಉಳಿದ ದಿನ ತೆರೆದಿದ್ದೂ ವ್ಯರ್ಥ.

ಇದಕ್ಕೆ ಮದ್ದು ಮೋರಿಯೊಳಗೂ ಹಳ್ಳ ಹಳ್ಳವಾಗಿಯೇ ಹರಿಯುವಂತೆ ಕಟ್ಟುವುದು. ಮೊದಲು ಹಳ್ಳದ ತುಂಬುದಡದ ಅಗಲವನ್ನು ಅಳೆಯಬೇಕು, ಅಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಹರಿವು ದಡದಂಚಿಗೆ ಮುಟ್ಟುವಾಗಿನ ಅಗಲ. ಇದನ್ನು ಮೋರಿಯ ಹತ್ತಿರ ಅಳೆದರೆ ಲೆಕ್ಕ ಕೆಡುತ್ತದೆ. ಮೇಲ್ಗಡೆ ಹೂಳು ಕೂತು ಪಾತ್ರ ಹರಡಿಕೊಂಡಿರುತ್ತದೆ, ಕೆಳಗಡೆ ಕೊರೆತದ ಗುಂಡಿ ಇರುತ್ತದೆ. ಮೋರಿಯ ಪ್ರಭಾವ ಇಲ್ಲದಷ್ಟು ದೂರ ಹೋಗಿ ಹಲವು ಕಡೆ ಅಳೆದು ಸರಾಸರಿ ತೆಗೆಯಿರಿ. ತಳದ ಉದ್ದನೋಟವನ್ನು, ಅಂದರೆ ಹಳ್ಳದುದ್ದಕ್ಕೂ ತಳದ ಮಟ್ಟ ಏರಿಳಿಯುವುದನ್ನು, ಮೇಲಕ್ಕೂ ಕೆಳಕ್ಕೂ ಪಾತ್ರದ ಅಗಲದ 20 ಪಟ್ಟಾದರೂ ಲೆವೆಲ್ ಇಟ್ಟು ಸರ್ವೆ ಮಾಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಳಸುವ ಸೂತ್ರ ನೆನಪಿಡಲು ಸುಲಭ: ತುಂಬುದಡದ ಅಗಲದ 1.2 ಪಟ್ಟು, ಅದಕ್ಕೆ 2 ಅಡಿ ಸೇರಿಸಿ. 3 ಮೀಟರ್ ಅಗಲದ ಹಳ್ಳಕ್ಕೆ 4.2 ಮೀಟರ್ ಒಳಗಲದ ಮೋರಿ ಬೇಕಾಗುತ್ತದೆ. ಪ್ರವಾಹದ ಪ್ರಮಾಣವನ್ನಷ್ಟೇ ನೋಡಿ ಹಾಕಿದ ಪೈಪ್ ಇದರ ಅರ್ಧವೂ ಇಲ್ಲದಿರುವುದು ಸಾಮಾನ್ಯ. ಮೋರಿಯ ತಳವನ್ನು ಹಳ್ಳದ ತಳಕ್ಕಿಂತ ಚೆನ್ನಾಗಿ ಕೆಳಗೆ ಹೂತು, ಒಳಗೆ ಆ ಹಳ್ಳದಲ್ಲಿರುವ ಗಾತ್ರದ್ದೇ ಕಲ್ಲು, ಜಲ್ಲಿ, ಮರಳು ತುಂಬಬೇಕು. ಬರೀ ದಪ್ಪಕಲ್ಲು ತುಂಬಿದರೆ ಬೇಸಿಗೆಯ ನೀರೆಲ್ಲ ಸಂದಿಗಳಲ್ಲಿ ಇಳಿದುಹೋಗಿ ಮೇಲೆ ಒಣಗುತ್ತದೆ. ಸಂದಿ ಕೂರುವಂತೆ ಸಣ್ಣ ಮರಳು, ಹೂಳುಮಣ್ಣನ್ನು ನೀರು ಹಾಯಿಸಿ ಇಳಿಸಬೇಕು. ಅಂಚಿನಲ್ಲಿ ಒಣದಾಗಿರುವ ಒಂದು ಕಟ್ಟೆ ಬಿಟ್ಟರೆ ಕಪ್ಪೆ, ಆಮೆ, ಸಣ್ಣ ಪ್ರಾಣಿಗಳಿಗೂ ರಸ್ತೆಯಡಿ ದಾರಿಯಾಗುತ್ತದೆ.

ಒಂದು ಎಚ್ಚರಿಕೆ. ಹಳೇ ಮೋರಿ ಎತ್ತರದಲ್ಲಿದೆ ಎಂದು ಕಣ್ಣುಮುಚ್ಚಿ ಕೆಳಗಿಳಿಸಬೇಡಿ. ಕೆಳಗಡೆ ಹಳ್ಳ ಕೊರೆದು ಆಳವಾಗಿ, ಆ ಕೊರೆತ ಮೇಲಕ್ಕೆ ಹತ್ತದಂತೆ ಹಳೇ ಮೋರಿಯೇ ತಡೆದು ನಿಲ್ಲಿಸಿರಬಹುದು. ಮೇಲಿನ ಜೌಗು ಆ ಮೋರಿಯ ಒಳಬಾಯಿಯ ಮಟ್ಟವನ್ನೇ ನಂಬಿ ನಿಂತಿರಬಹುದು. ಮೋರಿ ಇಳಿಸಿದ ಮರುಮಳೆಗಾಲದಲ್ಲಿ ಕೊರೆತ ಮೇಲಕ್ಕೆ ಹತ್ತಿ ಜೌಗನ್ನು ಬಸಿದುಬಿಡುತ್ತದೆ. ಉದ್ದನೋಟದ ಸರ್ವೆ ಬೇಕು ಎಂದದ್ದು ಇದಕ್ಕಾಗಿಯೇ. ಮೇಲಿನ ತಳದ ಗೆರೆ ಮತ್ತು ಕೆಳಗಿನ ತಳದ ಗೆರೆ ಒಂದಕ್ಕೊಂದು ಸೇರದೆ ನಡುವೆ ಮೆಟ್ಟಿಲಿದ್ದರೆ, ಕೆಳಗಡೆ ಕಲ್ಲಿನ ಅಡ್ಡಪಟ್ಟಿಗಳಿಂದ ತಳವನ್ನು ಹಂತಹಂತವಾಗಿ ಎತ್ತಿ ಆಮೇಲೆ ಮೋರಿ ಬದಲಿಸಬೇಕು.

ಹಳೇ ಮೋರಿಗಳನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೂ ವಾಷಿಂಗ್ಟನ್ ರಾಜ್ಯವೇ ಉದಾಹರಣೆ. ಸಾಲ್ಮನ್ ಮೀನಿನ ದಾರಿ ಮುಚ್ಚಿದ ರಸ್ತೆ ಮೋರಿಗಳ ವಿರುದ್ಧ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು 2001ರಲ್ಲಿ ನ್ಯಾಯಾಲಯಕ್ಕೆ ಹೋದವು. 2013ರಲ್ಲಿ ಅವನ್ನು ಬದಲಿಸಬೇಕೆಂಬ ಆದೇಶ ಬಂತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳು 4–4 ಸಮನಾಗಿ ಒಡೆದಿದ್ದರಿಂದ ಆ ಆದೇಶವೇ ಉಳಿಯಿತು. ರಸ್ತೆ ಕಟ್ಟುವಾಗ ಕೆಲವು ಮೀಟರ್ ಅಗಲ ಹೆಚ್ಚಿಸಿ ಮುಗಿಸಬಹುದಾಗಿದ್ದನ್ನು ಈಗ ವಾಹನ ಸಂಚಾರ ತಿರುಗಿಸಿ, ಹೆದ್ದಾರಿ ಒಡೆದು ಮಾಡಬೇಕಾಗಿದೆ.

ಡಾಂಬರಿನ ಮೇಲಿಂದ ಇಳಿಯುವ ನೀರು

ಪಥ, ಪಕ್ಕಪಟ್ಟಿ ಸೇರಿ 10 ಮೀಟರ್ ಅಗಲ ಹೆಚ್ಚಾದರೆ ಪ್ರತಿ ಕಿಲೋಮೀಟರಿಗೆ 1 ಹೆಕ್ಟೇರ್ ಹೊಸ ನೀರಿಂಗದ ನೆಲ. 25 ಮಿ.ಮೀ. ಮಳೆಗೆ ಅಲ್ಲಿಂದ ಸುಮಾರು 250 ಘನಮೀಟರ್, ಅಂದರೆ ಎರಡೂವರೆ ಲಕ್ಷ ಲೀಟರ್ ನೀರು ನಿಮಿಷಗಳಲ್ಲಿ ಚರಂಡಿಗೆ ಬರುತ್ತದೆ. ದೊಡ್ಡ ನದಿಗೆ ಇದು ಏನೂ ಅಲ್ಲ. ಮೊದಲ ಹಂತದ ಸಣ್ಣ ಹಳ್ಳಕ್ಕೆ ಇದೇ ತಳ ಕೊರೆಯುವ ಹರಿವು. ಆದ್ದರಿಂದ ಇಡೀ ಯೋಜನೆಯ ಸರಾಸರಿ ಬೇಡ. ಪ್ರತಿ ಚರಂಡಿ ಯಾವ ಹಳ್ಳಕ್ಕೆ ಬೀಳುತ್ತದೆ, ಆ ಹಳ್ಳದ ಜಲಾನಯನ ಎಷ್ಟು, ಅದರಲ್ಲಿ ನೀರಿಂಗದ ನೆಲ ಶೇಕಡಾ ಎಷ್ಟು ಎಂದು ಬಿಡಿಬಿಡಿಯಾಗಿ ತೋರಿಸಬೇಕು. ಶೇ. 10ರ ಆಸುಪಾಸಿಗೆ ಬಂದರೆ ಹಳ್ಳದ ಆರೋಗ್ಯ ಕೆಡುವುದು ಕಣ್ಣಿಗೇ ಕಾಣತೊಡಗುತ್ತದೆ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಸೂಚಕ.

ಆ ನೀರಿನಲ್ಲಿ ಬ್ರೇಕಿನ ತಾಮ್ರ, ಟೈರಿನ ಸತು, ಎಣ್ಣೆ, ಮಸಿ ಇರುತ್ತವೆ. 2020ರ ಕೊನೆಯಲ್ಲಿ ಇನ್ನೊಂದು ವಸ್ತು ಬೆಳಕಿಗೆ ಬಂತು. ಟೈರ್ ಬಿರುಕು ಬಿಡದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನಿನ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ; ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಅದೇ ಕಾರಣ. ಹಿಮ ಬೀಳುವ ಸೀಮೆಗಳಲ್ಲಿ ರಸ್ತೆಗೆ ಎರಚುವ ಉಪ್ಪು ಬೇರೆ. ಸಿಹಿನೀರಿನ ಜೀವಿಗಳಿಗೆ ದೀರ್ಘಕಾಲದ ಮಿತಿ ಲೀಟರಿಗೆ 230 ಮಿ.ಗ್ರಾಂ. ಕ್ಲೋರೈಡ್ ಎಂದು ಅಮೆರಿಕದ ಪರಿಸರ ಸಂಸ್ಥೆ 1988ರಲ್ಲೇ ನಿಗದಿ ಮಾಡಿದೆ. ಉಪ್ಪನ್ನು ಯಾವ ಕೊಳವೂ ಸೋಸುವುದಿಲ್ಲ. ಉಳಿದವುಗಳಲ್ಲಿ ಬಹುಪಾಲು ಸಣ್ಣ ಕಣಗಳಿಗೆ ಅಂಟಿಕೊಂಡಿರುವುದರಿಂದ ಹುಲ್ಲಿನ ಅಗಲ ಕಾಲುವೆ, ಮಣ್ಣು-ಗೊಬ್ಬರದ ಸೋಸುಪಟ್ಟಿ ಒಳ್ಳೆಯ ಕೆಲಸ ಮಾಡುತ್ತವೆ. ಇರುವ ಜೌಗಿಗೇ ಚರಂಡಿ ತಿರುಗಿಸಿ ಅದನ್ನು 'ನೈಸರ್ಗಿಕ ಸೋಸುವಿಕೆ' ಎಂದು ಬರೆಯುವುದನ್ನು ಮಾತ್ರ ಒಪ್ಪಬಾರದು.

ಕಾಮಗಾರಿಯ ದಿನಗಳು

ಇಲ್ಲಿ ಅಳತೆಗಿಂತ ಶಿಸ್ತು ಮುಖ್ಯ. ಹೂಳು ತಡೆಯುವ ಬಟ್ಟೆಬೇಲಿಯ ಅಡಿಭಾಗವನ್ನು 15 ಸೆಂ.ಮೀ. ನೆಲದಲ್ಲಿ ಹೂಳದಿದ್ದರೆ ಕೆಸರುನೀರು ಅಡಿಯಿಂದಲೇ ನುಸುಳುತ್ತದೆ. ಹಳ್ಳಕ್ಕೆ ಅಡ್ಡ ಕಟ್ಟಿದರೆ ಮೊದಲ ಮಳೆಗೇ ಕಿತ್ತುಹೋಗುತ್ತದೆ. ಅದು ಇಳಿಜಾರಿನಲ್ಲಿ ತೆಳುವಾಗಿ ಹರಡಿ ಬರುವ ನೀರಿಗಷ್ಟೇ. ಹೂಳುಗುಂಡಿಯ ಲೆಕ್ಕವನ್ನು ಮಣ್ಣಿನ ಕಣದ ಗಾತ್ರ ನೋಡದೆ ಮಾಡಬೇಡಿ. 20 ಮೈಕ್ರಾನಿನ ಕಣ ನಿಂತ ನೀರಿನಲ್ಲಿ 1 ಮೀಟರ್ ಇಳಿಯಲು ಮುಕ್ಕಾಲು ಗಂಟೆ ಸಾಕು. 2 ಮೈಕ್ರಾನಿನ ಜೇಡಿಗೆ ಮೂರು ದಿನಕ್ಕೂ ಹೆಚ್ಚು. ಜೇಡಿಮಣ್ಣಿನ ಸೀಮೆಯಲ್ಲಿ ಗುಂಡಿ ಎಷ್ಟು ದೊಡ್ಡದಾದರೂ ಕೆಂಪುನೀರು ಹೊರಬರುತ್ತಲೇ ಇರುತ್ತದೆ. ಬರಿನೆಲವನ್ನು ಹುಲ್ಲು, ನಾರುಚಾಪೆಯಿಂದ ತಕ್ಷಣ ಮುಚ್ಚುವುದೊಂದೇ ನಿಜವಾದ ತಡೆ. ಹಸಿ ಕಾಂಕ್ರೀಟ್ ತೊಳೆದ ನೀರಿನ ಪಿಎಚ್ 12ರ ಆಸುಪಾಸು. ಸಣ್ಣ ಹಳ್ಳಕ್ಕೆ ಬಿದ್ದರೆ ಮೀನು ಉಳಿಯುವುದಿಲ್ಲ. ನೀರಿನ ಕಲಕು, ಅಂದರೆ ಎಷ್ಟು ಕೆಸರಾಗಿದೆ ಎಂದು, ಅಳೆಯುವವರು ಕಾಮಗಾರಿಯ ಮೇಲೂ ಕೆಳಗೂ ಒಂದೇ ಹೊತ್ತಿನಲ್ಲಿ, ಮಳೆ ಸುರಿಯುತ್ತಿರುವಾಗ ಅಳೆಯಬೇಕು. ವಾರಕ್ಕೊಮ್ಮೆ ಬಿಸಿಲಲ್ಲಿ ಹೋಗಿ ತಂದ ಬಾಟಲಿಯಿಂದ ಏನೂ ತಿಳಿಯುವುದಿಲ್ಲ.

ಮಣ್ಣು ತೆಗೆಯುವ ಗುಂಡಿ, ಮಿಕ್ಕ ಮಣ್ಣು ಸುರಿಯುವ ಜಾಗ, ಜಲ್ಲಿ ಮಿಶ್ರಣದ ಘಟಕ, ತಾತ್ಕಾಲಿಕ ದಾರಿ ಇವು ಗುತ್ತಿಗೆದಾರರು ಆಮೇಲೆ ಆರಿಸುವಂಥವು ಎಂದು ವರದಿಯ ನಕ್ಷೆಯಿಂದ ಹೊರಗಿರುತ್ತವೆ. ಸುರಿಯುವ ಮಣ್ಣು ಕೊನೆಗೆ ತಗ್ಗು ನೆಲಕ್ಕೇ ಹೋಗುತ್ತದೆ, ತಗ್ಗು ನೆಲವೇ ಜೌಗು. ಜೌಗು ಮತ್ತು ದಡಗಳ ನಿಷೇಧಿತ ನಕ್ಷೆಯನ್ನು ಟೆಂಡರ್ ದಾಖಲೆಗೇ ಸೇರಿಸಬೇಕು.

ಕೋಷ್ಟಕವನ್ನು ತಿರುಗಿಸಿ ಬರೆಯಿರಿ

ರಸ್ತೆಯ ಜನ ಎಲ್ಲವನ್ನೂ ಚೈನೇಜ್ ಪ್ರಕಾರ, ಅಂದರೆ ರಸ್ತೆಯ ಆರಂಭದಿಂದ ಎಷ್ಟು ದೂರ ಎಂಬ ಕ್ರಮದಲ್ಲಿ, ಬರೆಯುತ್ತಾರೆ. ಹಾಗೆ ಬರೆದರೆ ಪ್ರತಿ ದಾಟು ಸಣ್ಣದೇ. ಅದೇ ಸಾಲುಗಳನ್ನು ಜಲಾನಯನದ ಪ್ರಕಾರ ಮರುಜೋಡಿಸಿದರೆ, ಒಂದೇ ಹಳ್ಳದ ಏಳು ಕವಲನ್ನು ರಸ್ತೆ ದಾಟುತ್ತಿದೆ, ಅದರಲ್ಲಿ ಐದು ಈಗಾಗಲೇ ಮೀನಿಗೆ ಮುಚ್ಚಿವೆ ಎಂಬಂಥದ್ದು ಹೊರಬೀಳುತ್ತದೆ. ಪ್ರತಿ ದಾಟಿಗೂ ಮೂರು ಕಾಲಂ ಇರಲಿ: ರಸ್ತೆ ಇಲ್ಲದಿದ್ದಾಗಿನ ಸ್ಥಿತಿ, ಈಗಿನ ಸ್ಥಿತಿ, ಕಾಮಗಾರಿಯ ನಂತರದ ಸ್ಥಿತಿ.

ತಪ್ಪಿಸುವ ದಾರಿಗಳೂ ಈ ಕೋಷ್ಟಕದಿಂದಲೇ ಹುಟ್ಟುತ್ತವೆ. 3 ಮೀಟರ್ ಎತ್ತರದ ಏರಿಗೆ ಎರಡಕ್ಕೊಂದರ ಇಳಿಜಾರು ಕೊಟ್ಟರೆ ಬುಡ 6 ಮೀಟರ್ ಹೊರಕ್ಕೆ ಹೋಗುತ್ತದೆ. ಅಲ್ಲಿ ತಡೆಗೋಡೆ ಕಟ್ಟಿದರೆ 200 ಮೀಟರ್ ಜೌಗಿನ ಉದ್ದಕ್ಕೆ ಒಂದು ಬದಿಯಲ್ಲೇ 1,200 ಚದರ ಮೀಟರ್ ಉಳಿಯುತ್ತದೆ. ಎರಡೂ ಬದಿಗೆ ಸಮನಾಗಿ ಅಗಲಿಸುವ ಬದಲು ಈಗಾಗಲೇ ಕೆಟ್ಟಿರುವ ಬದಿಗೆ ಮಾತ್ರ ಅಗಲಿಸಬಹುದು. ತಪ್ಪಿಸು, ತಗ್ಗಿಸು, ಉಳಿದದ್ದಕ್ಕೆ ಮಾತ್ರ ಪರಿಹಾರ ಕೊಡು ಎಂಬ ಕ್ರಮ 1990ರಿಂದ ಅಮೆರಿಕದ ಪರವಾನಗಿ ಪದ್ಧತಿಯಲ್ಲಿ ಲಿಖಿತವಾಗಿದೆ. ಪರಿಹಾರದ ಜೌಗಿಗೆ ಮೊದಲೇ ಹಾರುವುದು ಅಪಾಯ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಪರಿಶೀಲಿಸಿ, ಜೌಗಿನ ನಿವ್ವಳ ನಷ್ಟವಾಗಬಾರದೆಂಬ ಗುರಿ ಈಡೇರುತ್ತಿಲ್ಲ ಎಂದೇ ಹೇಳಿತು. ಹೊಸ ಜೌಗು ಸೋಲುವುದು ಹೆಚ್ಚಾಗಿ ನೀರಿನ ಲೆಕ್ಕ ತಪ್ಪಿ: ಮಳೆಗಾಲದ ಹೊಂಡವಾಗುತ್ತದೆ, ಇಲ್ಲವೇ ಒಣಗುತ್ತದೆ. ಯಂತ್ರ ತುಳಿದು ಗಟ್ಟಿಯಾದ ಅಡಿಮಣ್ಣಿನಲ್ಲಿ ಸಸಿ ಬೇರೂರುವುದಿಲ್ಲ. ಮುಚ್ಚಿಹೋಗುವ ಜೌಗಿನ ಮೇಲ್ಮಣ್ಣನ್ನು ತೆಗೆದು, ಒಣಗಲು ಬಿಡದೆ ಅಲ್ಲಿಗೆ ಹರಡಿದರೆ ಅದರಲ್ಲಿರುವ ಬೀಜಗಳೇ ಅರ್ಧ ಕೆಲಸ ಮಾಡುತ್ತವೆ.

ಕೊನೆಗೆ ಉಸ್ತುವಾರಿ. ಕಾಮಗಾರಿಗೆ ಮುಂಚೆ ಒಂದಕ್ಕಿಂತ ಹೆಚ್ಚು ಋತುವಿನಲ್ಲಿ, ರಸ್ತೆ ಮುಟ್ಟದ ಹೋಲಿಕೆಯ ಹಳ್ಳವೊಂದನ್ನೂ ಸೇರಿಸಿ, 500 ಮೈಕ್ರಾನ್ ಕಣ್ಣಿನ ಬಲೆಯಿಂದ ತಳದ ಹುಳುಗಳ ಎಣಿಕೆ ಆಗಿರಬೇಕು. ಹೋಲಿಕೆಯ ಹಳ್ಳ ಇಲ್ಲದಿದ್ದರೆ ಬರಗಾಲದ ಪೆಟ್ಟು ಯಾವುದು, ರಸ್ತೆಯ ಪೆಟ್ಟು ಯಾವುದು ಎಂದು ಬಿಡಿಸಲಾಗದು. ಬಾವಿಸಾಲುಗಳನ್ನು ಕಾಮಗಾರಿಯ ಹೊತ್ತಿನಲ್ಲಿ ಕೀಳಬಾರದು, ಮುಗಿದ ಮೇಲೆ ಕನಿಷ್ಠ ಐದು ವರ್ಷ ಓದಬೇಕು. ಷರತ್ತಿನಲ್ಲಿ 'ನಿಗಾ ವಹಿಸಲಾಗುವುದು' ಎಂದು ಬರೆದರೆ ಸಾಲದು. ನೀರಿನ ಮಟ್ಟ ಎಷ್ಟು ಸೆಂ.ಮೀ. ಇಳಿದರೆ ಚರಂಡಿಗೆ ತಡೆಗಟ್ಟೆ ಹಾಕಬೇಕು, ಮೋರಿಯ ಹೊರಬಾಯಿಯಲ್ಲಿ ಎಷ್ಟು ಬೀಳು ಕಂಡರೆ ತಳ ಎತ್ತಬೇಕು, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಎಂಬುದೆಲ್ಲ ಅಂಕಿಯಲ್ಲಿ ಇರಬೇಕು, ಆ ಹಣ ಗುತ್ತಿಗೆದಾರರಿಗೆ ಅಂತಿಮ ಬಿಲ್ ಆಗುವ ಮುಂಚೆಯೇ ಬೇರೆ ಖಾತೆಯಲ್ಲಿ ಕೂತಿರಬೇಕು.